ಗೋಡೆಗೆ ಬಣ್ಣ ಸಿಕ್ಕಿತು, ಬಣ್ಣ ಬಳಿಯುವ ಕೈಗೆ ಏನು ಸಿಕ್ಕಿತು?

2024ರ ಫೆಬ್ರವರಿಯ ಕೊನೆಯ ವಾರ ಬೆಂಗಳೂರಿನ ಫ್ಲೆಕ್ಸ್ ಅಂಗಡಿಗಳಿಗೆ ಪುರುಸೊತ್ತೇ ಇರಲಿಲ್ಲ. ನಾಮಫಲಕದಲ್ಲಿ ಶೇ 60ರಷ್ಟು ಜಾಗ ಕನ್ನಡಕ್ಕಿರಬೇಕು ಎಂಬ ನಿಯಮಕ್ಕೆ ಪಾಲಿಕೆ ಕೊಟ್ಟಿದ್ದ ಗಡುವು 28ಕ್ಕೆ ಮುಗಿಯುವುದಿತ್ತು. ಎರಡು ತಿಂಗಳ ಹಿಂದೆಯಷ್ಟೇ ಇಂಗ್ಲಿಷ್ ಬೋರ್ಡುಗಳನ್ನು ಕಿತ್ತೆಸೆದ ಪ್ರತಿಭಟನೆಯನ್ನು ಊರೆಲ್ಲ ಕಂಡಿತ್ತು. ಹಾಗಾಗಿ ಸಲೂನಿನಿಂದ ಶೋರೂಮಿನವರೆಗೆ ಎಲ್ಲರಿಗೂ ಒಂದೇ ಅವಸರ. ಕನ್ನಡ ಬಂತು, ಸಂತೋಷ. ಆದರೆ ಬಂದ ಅಕ್ಷರಗಳ ಅವಸ್ಥೆ ನೋಡಬೇಕಿತ್ತು. ಲೆಕ್ಕಕ್ಕೆ ಜಾಗ ತುಂಬಿಸಲು ಪದಗಳನ್ನು ಎರಡೂ ಕಡೆ ಹಿಡಿದು ಎಳೆದಿದ್ದರು. ತಲೆಕಟ್ಟು ಹಿಗ್ಗಿ, ಹೊಟ್ಟೆ ಉಬ್ಬಿ, ‘ಜ’ಕ್ಕೂ ‘ಜಾ’ಕ್ಕೂ ದೂರದಿಂದ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ‘ಕ್ಲಿನಿಕ್’ನ ಲಕಾರದ ಒತ್ತು ಬೋರ್ಡಿನ ಕೆಳಗಿನ ಚೌಕಟ್ಟಿಗೆ ಸಿಕ್ಕಿ ಅರ್ಧಕ್ಕೆ ಕತ್ತರಿಸಿಹೋಗಿತ್ತು. ಅಂಥ ಬೋರ್ಡುಗಳು ಇವತ್ತಿಗೂ ಹಾಗೇ ಇವೆ, ಬೇಕಾದರೆ ನಿಮ್ಮ ಬೀದಿಯಲ್ಲೇ ಒಮ್ಮೆ ಕಣ್ಣಾಡಿಸಿ.

ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವರು ಈ ತಪ್ಪು ಮಾಡುತ್ತಿರಲಿಲ್ಲ. ಅವರ ಕೆಲಸ ಶುರುವಾಗುತ್ತಿದ್ದದ್ದೇ ಸುಣ್ಣ ಬಳಿದ ದಾರದಿಂದ. ದಾರವನ್ನು ಎರಡು ತುದಿಗೆ ಬಿಗಿಹಿಡಿದು, ನಡುವೆ ಎತ್ತಿ ಬಿಟ್ಟರೆ ಟಪ್ ಎಂದು ತಗಡಿನ ಮೇಲೆ ನೆಟ್ಟಗೊಂದು ಬಿಳಿ ಗೆರೆ. ಇಂಗ್ಲಿಷಿಗೆ ಎರಡು ಗೆರೆ ಸಾಕು. ಕನ್ನಡಕ್ಕೆ ತಲೆಕಟ್ಟಿಗೊಂದು, ಅಕ್ಷರದ ಬುಡಕ್ಕೊಂದು, ಒತ್ತಿಗೆ ಮೂರನೆಯದೊಂದು. ಆ ಮೂರನೆಯ ಗೆರೆ ಯಾವ ಸರ್ಕಾರಿ ಸುತ್ತೋಲೆಯಲ್ಲೂ ಇಲ್ಲ. ಅದು ಇದ್ದದ್ದು ಬರೆಯುವವರ ಅಭ್ಯಾಸದಲ್ಲಿ. ಕನ್ನಡದ ಬೋರ್ಡಿಗೆ ಬೆಂಗಳೂರಿನಲ್ಲಿ ಹಿಂದೆಂದೂ ಇಲ್ಲದಷ್ಟು ಬೇಡಿಕೆ ಹುಟ್ಟಿದ ಆ ಹೊತ್ತಿನಲ್ಲಿ, ಕನ್ನಡ ಅಕ್ಷರವನ್ನು ಚೆನ್ನಾಗಿ ಬಲ್ಲ ಆ ಕೈಗಳಿಗೆ ಕೆಲಸ ಬರಲೇ ಇಲ್ಲ ಎನ್ನಬೇಕು. ಕಂಪ್ಯೂಟರಿನ ಮುಂದೆ ಕೂತು, ‘ನುಡಿ’, ‘ಬರಹ’ ಎಂಬ ಹಳೆಯ ಕನ್ನಡ ತಂತ್ರಾಂಶಗಳ ಕಾಲದ ನಾಲ್ಕಾರು ಫಾಂಟುಗಳನ್ನೇ ಹಿಗ್ಗಿಸಿ ಕುಗ್ಗಿಸಿ ಮುದ್ರಿಸಿಕೊಟ್ಟವರಿಗೆ ಅಷ್ಟೂ ಕೆಲಸ ಹೋಯಿತು.

ಕಲೆ ಸಂಸ್ಕೃತಿಯ ಕನ್ನಡಿ, ಕಲೆಯಿಂದ ನಾಡಿನ ಅಭಿವೃದ್ಧಿ ಎಂಬ ಮಾತುಗಳು ಉದ್ಘಾಟನಾ ಭಾಷಣಗಳಲ್ಲಿ ಧಾರಾಳವಾಗಿ ಬರುತ್ತವೆ. ಮಾತು ಸುಳ್ಳಲ್ಲ. ಆದರೆ ಬೆಂಗಳೂರು ಕಲೆಗೆ ಖರ್ಚು ಮಾಡುವ ರೀತಿ ನೋಡಿದರೆ ಒಂದು ಅಭ್ಯಾಸ ಕಣ್ಣಿಗೆ ಹೊಡೆಯುತ್ತದೆ. ಈ ಊರು ಮುಗಿದ ಚಿತ್ರವನ್ನು, ನಿಂತ ಪ್ರತಿಮೆಯನ್ನು, ಬಣ್ಣ ಬಳಿದ ಗೋಡೆಯನ್ನು ಕೊಳ್ಳುತ್ತದೆ; ಅದನ್ನು ಮಾಡುವ ಕಣ್ಣು–ಕೈ ಎಲ್ಲಿ ಪಳಗುತ್ತದೆ ಎಂದು ಕೇಳುವುದಿಲ್ಲ. ಅಭಿವೃದ್ಧಿಗೆ ಬೇಕಿರುವುದು ಈ ಎರಡನೆಯದು ಎಂಬುದು ನನ್ನ ವಾದ.

ಸಿನಿಮಾ ಬ್ಯಾನರಿನವರ ಕಥೆಯನ್ನೇ ತೆಗೆದುಕೊಳ್ಳಿ. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಆಳೆತ್ತರ ಮೀರಿದ ರಾಜ್‌ಕುಮಾರ್ ಕಟೌಟುಗಳು ನಿಲ್ಲುತ್ತಿದ್ದ ಕಾಲ. ಅಂಗೈ ಅಗಲದ ಒಂದು ಸ್ಟಿಲ್ ಫೋಟೊದ ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆದು, ಅಷ್ಟೇ ಚೌಕಗಳನ್ನು ದೊಡ್ಡದಾಗಿ ಬಟ್ಟೆಯ ಮೇಲೆ ಎಳೆದು, ಒಂದೊಂದೇ ಚೌಕ ತುಂಬುತ್ತ ಹೋಗುತ್ತಿದ್ದರು. ಹತ್ತಿರ ನಿಂತರೆ ಕೆನ್ನೆಯ ಮೇಲೆ ಹಸಿರು, ಗದ್ದದ ಕೆಳಗೆ ನೀಲಿ, ಮೂಗಿನ ತುದಿಗೆ ಹಳದಿಯ ಒಂದು ಗುದ್ದು. ರಸ್ತೆಯ ಆಚೆಯಿಂದ ನೋಡಿದರೆ ಅಣ್ಣಾವ್ರೇ ನಿಂತಂತೆ. ದೂರ ಎಷ್ಟಿದ್ದರೆ ಬಣ್ಣ ಎಷ್ಟಿರಬೇಕು ಎಂಬ ಲೆಕ್ಕ ಅವರ ತಲೆಯಲ್ಲಿತ್ತು. ಇದಕ್ಕೆ ಪದವಿ ಇರಲಿಲ್ಲ, ಪಠ್ಯವೂ ಇರಲಿಲ್ಲ. ಗುರುವಿನ ಬಳಿ ಡಬ್ಬ ತೊಳೆಯುತ್ತ ಸೇರಿದ ಹುಡುಗ ಕಡೆಗೆ ಮುಖ ಬರೆಯುವ ಹಂತಕ್ಕೆ ಬರುತ್ತಿದ್ದ. ಫ್ಲೆಕ್ಸ್ ಬಂದ ಮೇಲೆ ದಿನಗಟ್ಟಲೆಯ ಕೆಲಸ ಗಂಟೆಗೆ ಇಳಿಯಿತು. ಆ ಕಸುಬು ಎದ್ದುಹೋಯಿತು.

2009ರಲ್ಲಿ ಪಾಲಿಕೆ ಅವರನ್ನು ನೆನೆಸಿಕೊಂಡಿತು. ಭಿತ್ತಿಪತ್ರ ಅಂಟಿಸಿ, ಉಚ್ಚೆ ಹೊಯ್ದು ಹೊಲಸಾಗಿದ್ದ ಗೋಡೆಗಳ ಮೇಲೆ ಚಿತ್ರ ಬರೆಸುವ ಯೋಜನೆ ಬಂತು. ಕೆಲಸ ಕಳೆದುಕೊಂಡಿದ್ದ ಬ್ಯಾನರ್ ಕಲಾವಿದರು, ಬೋರ್ಡು ಬರೆಯುವವರು ಮತ್ತೆ ಕುಂಚ ಹಿಡಿದರು. ಹಂಪಿಯ ಕಲ್ಲಿನ ರಥ, ಯಕ್ಷಗಾನದ ಕಿರೀಟ, ಶ್ರವಣಬೆಳಗೊಳದ ಗೊಮ್ಮಟ, ಜೋಗ, ಹುಲಿ, ಆನೆ. ಊರು ಚೆಂದ ಕಂಡಿತು ಎಂದು ಜನ ಮೆಚ್ಚಿದರು. ಸಿಮೆಂಟು ಗೋಡೆಯ ಮೇಲೆ ಆಕಾಶ ಬರೆಯುವಾಗ ಅಷ್ಟು ದೊಡ್ಡ ಜಾಗದಲ್ಲಿ ಒಂದೇ ನೀಲಿ ಹಿಡಿಯುವುದು ಸುಲಭವಲ್ಲ, ಅದನ್ನು ಸಲೀಸಾಗಿ ಮಾಡಿ ತೋರಿಸಿದವರು ಅವರು. ಆದರೆ ಕಾರ್ಯಕ್ರಮ ಅಲ್ಲಿಗೆ ನಿಂತಿತು. ಬಣ್ಣ ಮಾಸಿತು, ಮೆಟ್ರೊ ಕಾಮಗಾರಿಗೆ, ರಸ್ತೆ ಅಗಲೀಕರಣಕ್ಕೆ ಕೆಲವು ಗೋಡೆಗಳೇ ಹೋದವು. ಆ ಕಸುಬನ್ನು ಹೊಸಬರಿಗೆ ಕಲಿಸುವ ಒಂದು ಶಾಲೆ, ಒಂದು ಕಮ್ಮಟ ಅದರಿಂದ ಹುಟ್ಟಲಿಲ್ಲ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿ ಊರಿನ ಫ್ಲೆಕ್ಸುಗಳನ್ನೆಲ್ಲ ತೆಗೆಸಿದಾಗ ಕೈಬರಹಕ್ಕೆ ಮತ್ತೆ ಬಾಗಿಲು ತೆರೆದಿತ್ತು. ಆಗ ಬಾಗಿಲಲ್ಲಿ ನಿಲ್ಲಲು ಜನರೇ ಉಳಿದಿರಲಿಲ್ಲ. ಇದ್ದವರಿಗೆ ವಯಸ್ಸಾಗಿತ್ತು, ಮಕ್ಕಳು ಬೇರೆ ಕೆಲಸ ಹಿಡಿದಿದ್ದರು.

ಇನ್ನೊಂದು ತಕರಾರು ಗೋಡೆಯ ಮೇಲಿನ ಚಿತ್ರಗಳ ಬಗ್ಗೆಯೇ ಇದೆ. ಅವು ಪ್ರವಾಸೋದ್ಯಮ ಇಲಾಖೆಯ ಕ್ಯಾಲೆಂಡರಿನ ಕರ್ನಾಟಕ. ಗೋಡೆಯ ಎದುರು ಬಸ್ಸಿಗೆ ಕಾದು ನಿಂತವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕಟ್ಟಡದ ಕೆಲಸಕ್ಕೆ ಕಲಬುರಗಿ, ರಾಯಚೂರಿನಿಂದ ಬಂದವರು, ಅವರ ಒಂದು ಮುಖವೂ ಅಲ್ಲಿರಲಿಲ್ಲ. ಮೆಕ್ಸಿಕೊದಲ್ಲಿ 1920ರ ದಶಕದಲ್ಲಿ ಶಿಕ್ಷಣ ಸಚಿವ ಹೊಸೆ ವಾಸ್ಕೊನ್ಸೆಲೊಸ್ ಸರ್ಕಾರಿ ಕಟ್ಟಡಗಳ ಗೋಡೆಗಳನ್ನು ದಿಯೇಗೊ ರಿವೇರಾ, ಒರೊಸ್ಕೊ ಮುಂತಾದವರಿಗೆ ಬಿಟ್ಟುಕೊಟ್ಟಾಗ ಅಲ್ಲಿ ಗಣಿ ಕಾರ್ಮಿಕರು, ಜೋಳ ಬೆಳೆಯುವ ರೈತರು ಬಂದು ಕೂತರು; ಓದು ಬಾರದ ಜನ ತಮ್ಮ ಇತಿಹಾಸವನ್ನು ಗೋಡೆಯಲ್ಲಿ ನೋಡಿದರು. ಸರ್ಕಾರದ ದುಡ್ಡು ಅಲ್ಲೂ ಖರ್ಚಾಯಿತು, ಇಲ್ಲೂ ಆಯಿತು. ಅಲ್ಲಿ ಏನು ಬರೆಯಬೇಕೆಂಬ ಸಲಿಗೆ ಕಲಾವಿದರಿಗೆ ಸಿಕ್ಕಿತು, ಜಗಳವೂ ಆಯಿತು. ನಮ್ಮಲ್ಲಿ ಸಿಕ್ಕಿದ್ದು ಪಟ್ಟಿ.

ಪಟ್ಟಿ ಇಲ್ಲದೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ಗುಂಡಿಯೊಂದರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಮೊಸಳೆಯ ಪ್ರತಿಕೃತಿಯೊಂದನ್ನು ತಂದು ಮಲಗಿಸಿದರು. ಸುತ್ತಲಿನ ನೀರಿಗೆ ಹಸಿರು ಬಣ್ಣ. ಫೋಟೊಗಳು ದೇಶವೆಲ್ಲ ಸುತ್ತಿದವು, ಅರ್ಜಿ ಕೊಟ್ಟು ಸುಸ್ತಾಗಿದ್ದ ಜನ ನಕ್ಕರು, ಪಾಲಿಕೆ ಬಂದು ಗುಂಡಿ ಮುಚ್ಚಿತು. 2019ರಲ್ಲಿ ಅವರೇ ತುಂಗಾನಗರದ ಹೊಂಡಗಳ ನಡುವೆ ಗಗನಯಾತ್ರಿ ವೇಷದ ನಟನನ್ನು ನಿಧಾನವಾಗಿ ನಡೆಸಿದರು. ಚಂದ್ರಯಾನ–2ರ ಗುಂಗಿನಲ್ಲಿದ್ದ ದೇಶಕ್ಕೆ ಅದು ಚಂದ್ರನ ನೆಲವಾಗಿಯೇ ಕಂಡಿತು, ಪಕ್ಕದಲ್ಲೊಂದು ಆಟೊ ಹಾದುಹೋಗುವ ತನಕ. ಒಂದು ಕಡೆ ಇಸ್ರೊ, ಇನ್ನೊಂದು ಕಡೆ ಮುಚ್ಚದ ಗುಂಡಿ: ಇವೆರಡೂ ಒಂದೇ ಊರಿನವು ಎಂಬುದನ್ನು ಎಷ್ಟೋ ಸಂಪಾದಕೀಯಗಳಿಗಿಂತ ಚುರುಕಾಗಿ ಆ ವಿಡಿಯೊ ಹೇಳಿತು. ಅಭಿವೃದ್ಧಿಗೆ ಕಲೆಯ ಕೊಡುಗೆ ಅಂದರೆ ಇದೂ ಹೌದು. ಆಡಳಿತಕ್ಕೆ ನಾಚಿಕೆ ಹುಟ್ಟಿಸುವುದು ಕೂಡ ಸಾರ್ವಜನಿಕ ಸೇವೆಯೇ.

ಅದೇ ರಸ್ತೆ, ಅದೇ ಡಾಂಬರು ಇನ್ನೂ ಆಳಕ್ಕೆ ಹೋದದ್ದು ಕಲಾವಿದೆ ಶೀಲಾ ಗೌಡರ ಕೃತಿಗಳಲ್ಲಿ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ನೆಲೆಸಿದ ಈಕೆ ಚಿತ್ರ ಬರೆಯುವುದರಿಂದ ಶುರುಮಾಡಿ ಸಗಣಿ, ಕುಂಕುಮ, ಸೂಜಿ–ದಾರಗಳತ್ತ ಬಂದರು. ರಸ್ತೆ ಕೆಲಸದವರು ಬಿಸಾಡಿ ಹೋಗುವ ಡಾಂಬರಿನ ಡ್ರಮ್ಮುಗಳನ್ನು ನೀವೂ ನೋಡಿರುತ್ತೀರಿ. ಆ ಕೂಲಿಗಳು ಅವನ್ನೇ ಚಪ್ಪಟೆ ಮಾಡಿ ರಸ್ತೆಬದಿಯಲ್ಲಿ ಗುಡಿಸಲಿಗೆ ತಗಡು ಮಾಡಿಕೊಳ್ಳುತ್ತಾರೆ. ಶೀಲಾ 2006ರಲ್ಲಿ ಅಂಥ ಡ್ರಮ್ಮುಗಳಿಂದಲೇ ಒಂದು ಕತ್ತಲೆ ಕೋಣೆ ಕಟ್ಟಿದರು. ಹೊರಗಿನಿಂದ ಕೋಟೆಯ ಹಾಗೆ, ಒಳಗೆ ತೆವಳಿ ಹೋದರೆ ಸೂರಿನ ಸಣ್ಣ ತೂತುಗಳಲ್ಲಿ ಬೆಳಕು ಬಿದ್ದು ನಕ್ಷತ್ರದ ಆಕಾಶ. 2009ರಲ್ಲಿ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಮೇಳದಲ್ಲಿ ಅವರು ಇಟ್ಟದ್ದು ನಾಲ್ಕು ಸಾವಿರ ಮೀಟರ್ ಉದ್ದದ ಕೂದಲಿನ ಹಗ್ಗ ಮತ್ತು ಕಾರಿನ ಬಂಪರುಗಳು. ದೃಷ್ಟಿಯಾಗದಿರಲಿ ಎಂದು ಬೆಂಗಳೂರಿನ ಗಾಡಿಗಳ ಬಂಪರಿಗೆ ಕೂದಲಿನ ಹಗ್ಗ ಕಟ್ಟುವ ಪದ್ಧತಿ ಇದೆಯಲ್ಲ, ಅದರದ್ದೇ ಮೂಲ. ತಿರುಪತಿಯಂಥ ಕ್ಷೇತ್ರಗಳಲ್ಲಿ ಮುಡಿ ಕೊಟ್ಟ ಕೂದಲು ವಿದೇಶಕ್ಕೆ ರಫ್ತಾಗುವ ಸರಕು ಎಂಬುದನ್ನೂ ನೆನೆದರೆ ಭಕ್ತಿ, ಭಯ, ವ್ಯಾಪಾರ ಮೂರೂ ಆ ಹಗ್ಗದಲ್ಲೇ ಹೊಸೆದುಕೊಂಡಿವೆ. ಆ ಕೃತಿ ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿದೆ. ನಮ್ಮ ಸಂಸ್ಕೃತಿ ಎಂದ ಕೂಡಲೇ ಕಲ್ಲಿನ ರಥವನ್ನು ತೋರಿಸುವವರಿಗೆ ಇದು ಒಗ್ಗುವುದಿಲ್ಲ, ಗೊತ್ತು. ಆದರೆ ಈ ಊರು ಇವತ್ತು ಹೇಗೆ ಬದುಕುತ್ತಿದೆ ಎಂಬುದು ಆ ಹಗ್ಗದಲ್ಲಿ ಇರುವಷ್ಟು ರಥದಲ್ಲಿಲ್ಲ.

ಶೀಲಾ ಗೌಡ ಎಲ್ಲಿ ಕಲಿತರು? ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಎಲ್ಲ ಆಮೇಲೆ. ಮೊದಲು ಶೇಷಾದ್ರಿಪುರದ ಕೆನ್ ಕಲಾಶಾಲೆ, ಆರ್.ಎಂ. ಹಡಪದರ ಕೈಕೆಳಗೆ. ಬಾದಾಮಿಯಲ್ಲಿ ಹುಟ್ಟಿದ ಹಡಪದರು ಸ್ವತಃ ಒಳ್ಳೆಯ ಚಿತ್ರಕಾರರು. ಆದರೂ ಊರು ಅವರನ್ನು ನೆನೆಸಿಕೊಳ್ಳುವುದು ಮೇಷ್ಟ್ರೆಂದೇ. ದೊಡ್ಡ ಅನುದಾನವಿಲ್ಲದೆ, ದೊಡ್ಡ ಆವರಣವಿಲ್ಲದೆ ನಡೆದ ಆ ಶಾಲೆಯಿಂದ ಕರ್ನಾಟಕದ ಎರಡು ತಲೆಮಾರಿನ ಕಲಾವಿದರು ಬಂದರು. ಅದಕ್ಕೂ ಮೊದಲು, 1919ರಲ್ಲಿ ಎ.ಎನ್. ಸುಬ್ಬರಾಯರು ಕಲಾಮಂದಿರ ಶುರುಮಾಡಿದ್ದರು. 1960ರಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಬಂತು, ಎಂ.ಎಸ್. ನಂಜುಂಡರಾಯರು ಅದನ್ನು ಕಟ್ಟಿ ಬೆಳೆಸಿದರು. ಗಮನಿಸಿ, ಬೆಂಗಳೂರಿನ ಕಲಾಶಿಕ್ಷಣದ ಚರಿತ್ರೆಯಲ್ಲಿ ಹಟ ಹಿಡಿದ ವ್ಯಕ್ತಿಗಳ ಹೆಸರು ಸಿಗುತ್ತದೆ, ಸರ್ಕಾರದ ಹೆಸರು ಅಪರೂಪ.

ಹಳೆಯ ಮೈಸೂರು ಸಂಸ್ಥಾನ ಹೀಗಿರಲಿಲ್ಲ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ಅಡಿಗಲ್ಲು ಬಿತ್ತು. ಚಿತ್ರಕಲೆ, ಮರಗೆಲಸ, ಕೆತ್ತನೆ, ಲೋಹದ ಕೆಲಸ ಎಲ್ಲವೂ ಒಂದೇ ಸೂರಿನಡಿ. ಚಿತ್ರ ಬರೆಯುವುದು ಅಲಂಕಾರವಲ್ಲ, ಕೈಗಾರಿಕೆಗೆ ಬೇಕಾದ ಮೂಲ ವಿದ್ಯೆ ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ. ಮೈಸೂರಿನ ಬೀಟೆ ಮರದ ಕುಸುರಿ ಇವತ್ತು ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಸರಕು; ಚನ್ನಪಟ್ಟಣದ ಗೊಂಬೆ, ಮೈಸೂರು ಚಿತ್ರಕಲೆ, ಕಿನ್ನಾಳ, ಬಿದರಿ, ಕಸೂತಿ, ಸಂಡೂರಿನ ಲಂಬಾಣಿ ಕಸೂತಿ ಎಲ್ಲಕ್ಕೂ ಅದಿದೆ. ಗಂಧದ ಸಾಬೂನನ್ನೇ ನೋಡಿ. 1916ರಲ್ಲಿ ಗಂಧದೆಣ್ಣೆ ಕಾರ್ಖಾನೆಯಿಂದ ಶುರುವಾದ ಉದ್ಯಮ ತನ್ನ ಗುರುತಿಗೆ ಆರಿಸಿಕೊಂಡದ್ದು ಸಿಂಹದ ಮೈ, ಆನೆಯ ಸೊಂಡಿಲಿನ ಶರಭ. ಆಭರಣದ ಪೆಟ್ಟಿಗೆಯಂಥ ಡಬ್ಬಿ, ಅದರ ಮೇಲೆ ಹೂಬಳ್ಳಿ, ಮೊಟ್ಟೆಯಾಕಾರದ ಬಿಲ್ಲೆ. ನೂರು ವರ್ಷ ದಾಟಿದರೂ ಅಂಗಡಿಯ ಕಪಾಟಿನಲ್ಲಿ ದೂರದಿಂದಲೇ ಗುರುತು ಸಿಗುತ್ತದೆ. ವಾಸನೆಗಿಂತ ಮೊದಲು ಗಿರಾಕಿಯನ್ನು ಹಿಡಿಯುವುದು ಚಿತ್ರ. ಇದನ್ನು ನೂರು ವರ್ಷದ ಹಿಂದೆ ಅರಿತಿದ್ದ ನಾಡಿಗೆ ಈಗ ಮರೆವು ಬಂದಿದೆ.

ಸಾರ್ವಜನಿಕ ಗ್ಯಾಲರಿಗಳ ಕಡೆ ಬರೋಣ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕ ವೆಂಕಟಪ್ಪ ಚಿತ್ರಶಾಲೆ ಇದೆ. ಅವನೀಂದ್ರನಾಥ ಟ್ಯಾಗೋರರ ಶಿಷ್ಯ ಕೆ. ವೆಂಕಟಪ್ಪನವರ ಹೆಸರಿನದು. ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದವರು ಅವರು. ಅಲ್ಲಿನ ಕಡಿಮೆ ಬಾಡಿಗೆಯ ಸಭಾಂಗಣಗಳಲ್ಲಿ ಗದಗ, ಧಾರವಾಡ, ದಾವಣಗೆರೆಯಿಂದ ಬರುವ ಹುಡುಗರು ತಮ್ಮ ಮೊದಲ ಪ್ರದರ್ಶನ ಮಾಡುತ್ತಾರೆ. ಪ್ರವಾಸೋದ್ಯಮ ಇಲಾಖೆ ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ‘ದತ್ತು’ ಕೊಡಲು ಒಪ್ಪಂದ ಮಾಡಿಕೊಂಡಾಗ, 2016ರಲ್ಲಿ ಕಲಾವಿದರು ಗ್ಯಾಲರಿಯ ಮುಂದೆಯೇ ಹಾಡಿ, ಬರೆದು, ಮೆರವಣಿಗೆ ಮಾಡಿ ಅದನ್ನು ಕೈಬಿಡುವಂತೆ ಮಾಡಿದರು. ಅದೇ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ಖಾಸಗಿ ವಸ್ತುಸಂಗ್ರಹಾಲಯ ಮ್ಯಾಪ್ ತನ್ನದೇ ಕಟ್ಟಡದಲ್ಲಿ ತೆರೆಯಿತು. ಸಂಗ್ರಹ, ಸಂರಕ್ಷಣೆ, ವಿವರಣೆ ಎಲ್ಲವೂ ಅಚ್ಚುಕಟ್ಟು. ಎರಡೂ ಬೇಕು ಎಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಹೊಸಬನೊಬ್ಬ ಚಿತ್ರಗಳನ್ನು ಬಸ್ಸಿನಲ್ಲಿ ಹೊತ್ತು ತಂದು, ಯಾರ ಶಿಫಾರಸೂ ಇಲ್ಲದೆ ಗೋಡೆಗೆ ನೇತುಹಾಕುವ ಜಾಗ ಸರ್ಕಾರದ್ದೇ ಆಗಿರಬೇಕು. ಖಾಸಗಿಯವರಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ.

ಇನ್ನು ದುಡ್ಡು. 2025ರ ಮಾರ್ಚ್‌ನಲ್ಲಿ ಎಂ.ಎಫ್. ಹುಸೇನರ 1954ರ ‘ಗ್ರಾಮ ಯಾತ್ರಾ’ ನ್ಯೂಯಾರ್ಕ್‌ನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಭಾರತದ ಕಲೆಗೆ ಜಾಗತಿಕ ಬೆಲೆ ಬಂತು ಎಂದು ಪತ್ರಿಕೆಗಳು ಬರೆದವು. ಚಿತ್ರ ದಶಕಗಳ ಕಾಲ ಇದ್ದದ್ದು ನಾರ್ವೆಯ ಓಸ್ಲೊ ಆಸ್ಪತ್ರೆಯಲ್ಲಿ. ದಿಲ್ಲಿಯಲ್ಲಿದ್ದಾಗ ಅದನ್ನು ಕೊಂಡ ವೈದ್ಯರೊಬ್ಬರು ಆಸ್ಪತ್ರೆಗೆ ಕೊಟ್ಟಿದ್ದರು. ಮಾರಿ ಬಂದ ಹಣ ಅಲ್ಲಿನ ವೈದ್ಯರ ತರಬೇತಿಗೆ. ಅಂದರೆ ಭಾರತದ ಹಳ್ಳಿಯ ಹದಿಮೂರು ಚಿತ್ರಣಗಳು ನಾರ್ವೆಯ ಅಭಿವೃದ್ಧಿಗೆ ನೆರವಾದವು! ತಮಾಷೆಗೆ ಹೇಳಿದರೂ ಮಾತು ನಿಜ. ಹರಾಜಿನ ಬೆಲೆಗೂ ಕಲೆ ಹುಟ್ಟಿದ ನೆಲದ ಏಳಿಗೆಗೂ ನೇರ ಸಂಬಂಧವಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 53ಎ ಸೆಕ್ಷನ್ನಿನಲ್ಲಿ ಇದಕ್ಕೊಂದು ಮದ್ದು ಇದೆ: ಮೂಲ ಚಿತ್ರವೋ ಶಿಲ್ಪವೋ 10,000 ರೂಪಾಯಿ ಮೀರಿ ಮರುಮಾರಾಟವಾದರೆ ಕಲಾವಿದನಿಗೆ ಅಥವಾ ವಾರಸುದಾರರಿಗೆ ಗರಿಷ್ಠ ಶೇ 10ರವರೆಗೆ ಪಾಲು. ಕಾನೂನು ಪುಸ್ತಕದಲ್ಲಿದೆ. ಅದನ್ನು ಕೇಳಿ ಪಡೆಯುವಷ್ಟು ಲೆಕ್ಕಪತ್ರ, ವಕೀಲರ ಬಲ ಎಷ್ಟು ಕಲಾವಿದರಿಗಿದೆ?

ನನ್ನ ಲೆಕ್ಕದಲ್ಲಿ 118 ಕೋಟಿಗಿಂತ ದೊಡ್ಡ ಸುದ್ದಿ ಅಂದರೆ ಚಿತ್ರಸಂತೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಗೆ ವಾಹನ ಬಿಡದೆ, ಚಿತ್ರಕಲಾ ಪರಿಷತ್ತು ಅದನ್ನು ಕಲಾವಿದರ ಕೈಗೆ ಕೊಡುತ್ತದೆ. ಸಾವಿರಕ್ಕೂ ಮೇಲ್ಪಟ್ಟು ಕಲಾವಿದರು ದೇಶದ ಮೂಲೆಮೂಲೆಯಿಂದ ಬಂದು ಫುಟ್‌ಪಾತಿನ ಮೇಲೆ, ಕಾಂಪೌಂಡಿಗೆ ಒರಗಿಸಿ ಚಿತ್ರ ಇಡುತ್ತಾರೆ. ಎರಡು ದಶಕ ದಾಟಿದ ಈ ಸಂತೆಯಲ್ಲಿ ನೂರರ ನೋಟಿಗೂ ಸಿಗುವುದಿದೆ, ಲಕ್ಷ ಹೇಳುವುದೂ ಇದೆ. ಹೊಸ ಫ್ಲ್ಯಾಟಿನ ಹಾಲಿಗೆ ‘ಸೋಫಾದ ಬಣ್ಣಕ್ಕೆ ಮ್ಯಾಚ್ ಆಗೋದು’ ಹುಡುಕುವವರು ಹೆಚ್ಚು ಎಂದು ವಿಮರ್ಶಕರು ಮೂಗು ಮುರಿಯುತ್ತಾರೆ. ಮುರಿಯಲಿ. ಬ್ಯಾಂಕಿನ ಗುಮಾಸ್ತ, ಶಾಲಾ ಟೀಚರು, ಸಾಫ್ಟ್‌ವೇರ್ ಹುಡುಗ ಜೀವನದಲ್ಲಿ ಮೊದಲ ಸಲ ಒಬ್ಬ ಕಲಾವಿದನ ಎದುರು ನಿಂತು ‘ಇದನ್ನು ಯಾಕೆ ಹೀಗೆ ಬರೆದಿರಿ’ ಎಂದು ಕೇಳಿ, ಚೌಕಾಸಿ ಮಾಡಿ, ಕಂಕುಳಲ್ಲಿ ಚಿತ್ರ ಇಟ್ಟುಕೊಂಡು ಮೆಟ್ರೊ ಹತ್ತುವುದು ಸಣ್ಣ ಸಂಗತಿಯಲ್ಲ. ಕೊಳ್ಳುವ ಮಧ್ಯಮ ವರ್ಗವೊಂದು ಹುಟ್ಟದೆ ಕಲೆಯ ಆರ್ಥಿಕತೆ ಎಂಬುದು ಹುಟ್ಟುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಚಿತ್ರ, ಶಿಲ್ಪಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಸಂತೆಯ ಸಣ್ಣ ಕಲಾವಿದನಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ, ಆತನ ವಹಿವಾಟು ತೆರಿಗೆಯ ಮಿತಿಗೇ ಬರುವುದಿಲ್ಲ. ಗ್ಯಾಲರಿಗಳಿಗೆ, ಅವುಗಳ ಮೂಲಕ ಮಾರುವವರಿಗೆ ಉಸಿರಾಡಲು ಜಾಗ ಸಿಕ್ಕಿತು.

ಸರ್ಕಾರ ‘ಕಲೆಯಿಂದ ಉದ್ಯೋಗ’ ಎಂದಾಗ ಅದರ ಮನಸ್ಸಿನಲ್ಲಿರುವುದು ಸಂತೆಯಲ್ಲ, ಅನಿಮೇಷನ್ ಮತ್ತು ಗೇಮಿಂಗ್. ಈ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು ನೀತಿ ತಂದದ್ದು ಕರ್ನಾಟಕ, 2012ರಲ್ಲಿ. ಮೂರನೆಯದು 2024ರಿಂದ 2029ರವರೆಗಿನದು, 30,000 ಉದ್ಯೋಗದ ಗುರಿ ಇಟ್ಟುಕೊಂಡಿದೆ. ಒಳ್ಳೆಯದೇ. ಆದರೆ ಇಲ್ಲಿನ ಸ್ಟುಡಿಯೊಗಳ ಕೆಲಸದಲ್ಲಿ ದೊಡ್ಡ ಪಾಲು ಹೊರದೇಶದ ಕಂಪನಿಗಳಿಗೆ ಮಾಡಿಕೊಡುವ ಸೇವೆ. ಇನ್ಯಾರದೋ ಕಥೆಯ ಕೋಟೆಗೆ ಇಟ್ಟಿಗೆ ಜೋಡಿಸುವುದು, ಇನ್ಯಾರದೋ ರಾಕ್ಷಸನಿಗೆ ಚರ್ಮ ಹೊದಿಸುವುದು. ಕೂಲಿ ಚೆನ್ನಾಗಿದೆ, ಹಕ್ಕು ಅವರದು. ತೊಗಲುಗೊಂಬೆಯಾಟದಲ್ಲಿ ದೀಪದ ಮುಂದೆ ಚರ್ಮದ ರಾವಣನ ಕೈಕಾಲು ಬಿಡಿಬಿಡಿಯಾಗಿ ಆಡಿಸಿ ಪರದೆಯ ಮೇಲೆ ಜೀವ ತುಂಬುತ್ತಿದ್ದ ನಾಡು ಇದು. ನಮ್ಮದೇ ಪಾತ್ರ, ನಮ್ಮದೇ ರೇಖೆಯಲ್ಲಿ ಜಗತ್ತಿಗೆ ಮಾರುವ ಕೆಲಸ ಇನ್ನೂ ಬೆರಳೆಣಿಕೆಯಷ್ಟು.

ಆ ಸೇವೆಯ ಕೆಲಸಕ್ಕೂ ಈಗ ಕುತ್ತು. 2025ರ ಮಾರ್ಚ್‌ನಲ್ಲಿ ಎಲ್ಲರ ವಾಟ್ಸ್‌ಆ್ಯಪ್ ಡಿಪಿಗಳೂ ಜಪಾನಿನ ಘಿಬ್ಲಿ ಸ್ಟುಡಿಯೊದ ಶೈಲಿಗೆ ತಿರುಗಿದ್ದು ನೆನಪಿರಬೇಕು. ಗಣೇಶನ ಹಬ್ಬದ ಬ್ಯಾನರಿನಿಂದ ರಾಜಕಾರಣಿಯ ಹುಟ್ಟುಹಬ್ಬದ ಶುಭಾಶಯದವರೆಗೆ ಈಗ ಎಐ ಬರೆದ ಚಿತ್ರವೇ. ಬ್ಯಾನರ್ ಬರೆಯುವವನ ಅನ್ನ ಕಸಿದ ಫ್ಲೆಕ್ಸ್ ಅಂಗಡಿಯ ಡಿಸೈನರ್ ಈಗ ತಾನೇ ಅದೇ ಸಾಲಿಗೆ ಬಂದು ನಿಂತಿದ್ದಾನೆ. ಈ ಯಂತ್ರಗಳಿಗೆ ಯಕ್ಷಗಾನದ ವೇಷ ಬರೆ ಎಂದು ಹೇಳಿ ನೋಡಿ, ಕಥಕ್ಕಳಿಯ ಹಸಿರು ಮುಖ ಬಂದರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಒಂದು ಸಾಲು ಬರೆಸಿ ನೋಡಿ, ಒತ್ತು ಎಲ್ಲೋ ಕೊಂಬು ಎಲ್ಲೋ. ಯಂತ್ರ ಕಲಿಯುವುದು ಯಾವ ಚಿತ್ರಗಳು ಹೇರಳವಾಗಿವೆಯೋ ಅವುಗಳಿಂದ. ನಮ್ಮವರು ಬರೆದದ್ದು ಕಡಿಮೆ, ಬರೆದದ್ದನ್ನು ಜೋಪಾನವಾಗಿ ಡಿಜಿಟಲ್ ಮಾಡಿ ಇಟ್ಟದ್ದು ಇನ್ನೂ ಕಡಿಮೆ. ಮುಂದೆ ನಮ್ಮ ಮಕ್ಕಳು ನೋಡುವ ‘ಕರ್ನಾಟಕ’ ಯಾರದೋ ಊಹೆಯ ಕರ್ನಾಟಕವಾಗುವ ಅಪಾಯ ಇಲ್ಲಿದೆ. ಇದಕ್ಕೆ ಪ್ರತಿಯಾಗಿ ರುಮಾಲೆ ಚೆನ್ನಬಸವಯ್ಯನವರನ್ನು ನೆನೆಯಿರಿ. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ಅವರು ಬೆಂಗಳೂರಿನ ಹೂ ಬಿಟ್ಟ ಮರಗಳ ಮುಂದೆಯೇ ಕೂತು ಚಿತ್ರ ಬರೆದರು. ಅಂದು ಅದು ಬರೀ ಹೂಮರ. ಆ ಎಷ್ಟೋ ರಸ್ತೆಗಳಲ್ಲಿ ಈಗ ಮರವೇ ಇಲ್ಲ, ಚಿತ್ರವೇ ಸಾಕ್ಷಿ.

ಹಾಗಾದರೆ ಹಣ ಎಲ್ಲಿಂದ? ಫ್ರಾನ್ಸ್ 1951ರಲ್ಲೇ ಒಂದು ನಿಯಮ ಮಾಡಿತು: ಶಾಲಾ ಕಟ್ಟಡ ಕಟ್ಟುವಾಗ ವೆಚ್ಚದ ಶೇ 1ರಷ್ಟನ್ನು ಬದುಕಿರುವ ಕಲಾವಿದರಿಂದ ಕೃತಿ ಮಾಡಿಸಲು ತೆಗೆದಿಡಬೇಕು. ಮುಂದೆ ಅದು ಇತರ ಸರ್ಕಾರಿ ಕಟ್ಟಡಗಳಿಗೂ ಹಬ್ಬಿತು. ನಮ್ಮಲ್ಲಿ ಹೆಬ್ಬಾಳದಿಂದ ಸಿಲ್ಕ್‌ಬೋರ್ಡಿನವರೆಗೆ ಕಟ್ಟುವ ಕೆಲಸ ನಿಂತದ್ದೇ ಇಲ್ಲ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಒಂದರಲ್ಲೇ 16 ಮೆಟ್ರೊ ನಿಲ್ದಾಣಗಳಿವೆ. ಕಬ್ಬನ್ ಪಾರ್ಕ್, ಪೀಣ್ಯ ನಿಲ್ದಾಣಗಳಲ್ಲಿ ಸೃಷ್ಟಿ ಕಲೆ–ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿಗಳು ಗೋಡೆ, ಕಂಬಗಳ ಮೇಲೆ ಮಾಡಿದ ಕೆಲಸ ಚೆನ್ನಾಗಿದೆ, ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನಲ್ಲೂ ಕಲೆಗೆ ಜಾಗ ಸಿಕ್ಕಿದೆ. ಇವೆಲ್ಲ ಯಾರೋ ಆಸಕ್ತ ಅಧಿಕಾರಿ, ಯಾರೋ ಆಸಕ್ತ ಸಂಸ್ಥೆ ಇದ್ದಾಗ ಆದದ್ದು. ಟೆಂಡರಿನಲ್ಲಿ ಒಂದು ಸಾಲಾಗಿ ಬಂದಾಗ ಮಾತ್ರ ಅದು ಕಲಾವಿದರಿಗೆ ವರ್ಷವಿಡೀ ಕೆಲಸವಾಗುತ್ತದೆ. ಹಾಗೆ ಬಂದರೂ ಗುತ್ತಿಗೆದಾರನ ಭಾವಮೈದುನನ ಪಾಲಾಗದಂತೆ ನೋಡಿಕೊಳ್ಳಲು ಕಲಾವಿದರೇ ಇರುವ ಆಯ್ಕೆ ಸಮಿತಿ ಬೇಕಾದೀತು, ಇದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ನಿಜವಾದ ಗಂಟು ಶಾಲೆಯಲ್ಲಿದೆ. ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳನ್ನು ರಾಜ್ಯ ಇಂದಿಗೂ ನಡೆಸುತ್ತದೆ. ಸ್ಟಿಲ್ ಲೈಫ್, ಅಕ್ಷರ ಲೇಖನ, ಜ್ಯಾಮಿತಿ ಎಲ್ಲ ಅದರಲ್ಲಿದೆ. ಒಂದು ಕಾಲದಲ್ಲಿ ಎಷ್ಟೋ ಹಳ್ಳಿಯ ಮಕ್ಕಳಿಗೆ ಕಲಾಶಾಲೆಯ ಬಾಗಿಲು ತೋರಿಸಿದ್ದೇ ಆ ಪರೀಕ್ಷೆ. ಕಲಿಸಲು ಡ್ರಾಯಿಂಗ್ ಮೇಷ್ಟ್ರಿದ್ದರೆ ತಾನೆ? ಇದ್ದ ಮೇಷ್ಟ್ರು ನಿವೃತ್ತರಾದರೆ ಹುದ್ದೆ ಖಾಲಿ, ಪಿರಿಯಡ್ಡು ಗಣಿತಕ್ಕೆ. ಇದರಲ್ಲಿ ರಾಜ್ಯದ ಉದಾಸೀನ ಎಷ್ಟಿದೆಯೋ ಕೇಂದ್ರದ ಕಾನೂನಿನ ಪಾಲೂ ಅಷ್ಟೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟದ ಪ್ರಕಾರ ಕಲಾ ಶಿಕ್ಷಣದ ಬೋಧಕರು ಬೇಕಾಗುವುದು ಆರರಿಂದ ಎಂಟನೇ ತರಗತಿಗೆ, ಅದೂ ಮಕ್ಕಳ ದಾಖಲಾತಿ 100 ದಾಟಿದ ಶಾಲೆಗೆ ಮಾತ್ರ, ಅದೂ ಅರೆಕಾಲಿಕ. ನೂರಕ್ಕಿಂತ ಕಡಿಮೆ ಮಕ್ಕಳಿರುವ ಸರ್ಕಾರಿ ಶಾಲೆಗಳು ರಾಜ್ಯದ ಯಾವ ತಾಲ್ಲೂಕಿನಲ್ಲಿ ಇಲ್ಲ ಹೇಳಿ. ಅಂಥ ಶಾಲೆಯ ಮಗುವಿಗೆ ಪೆನ್ಸಿಲನ್ನು ಅಡ್ಡ ಹಿಡಿದು ನೆರಳು ತುಂಬುವುದನ್ನು ತೋರಿಸುವವರು ಕಾನೂನಿನ ಲೆಕ್ಕದಲ್ಲಿ ಬೇಕಾಗಿಯೇ ಇಲ್ಲ. ಗೇಮಿಂಗ್ ನೀತಿ ಬರೆಯುವುದು ಒಂದು ಇಲಾಖೆ, ಡ್ರಾಯಿಂಗ್ ಮೇಷ್ಟ್ರ ಹುದ್ದೆ ತುಂಬಬೇಕಾದದ್ದು ಇನ್ನೊಂದು. ರಾಜ್ಯ ಕೇಂದ್ರದ ಕನಿಷ್ಠ ಮಿತಿಗಿಂತ ಮೇಲೆ ಹೋಗಿ ತನ್ನದೇ ನಿಯಮ ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹತ್ತಿರದ ನಾಲ್ಕು ಸಣ್ಣ ಶಾಲೆಗಳಿಗೆ ಸೇರಿ ಒಬ್ಬ ಪೂರ್ಣಾವಧಿ ಚಿತ್ರಕಲಾ ಶಿಕ್ಷಕರನ್ನು ನೇಮಿಸಿದರೂ ಮುಂದಿನ ಹತ್ತು ವರ್ಷದಲ್ಲಿ ಆ 30,000 ಕೆಲಸಗಳಿಗೆ ಬರುವ ಅಭ್ಯರ್ಥಿಗಳು ಬೇರೆಯೇ ಆಗಿರುತ್ತಾರೆ.